ಹೊಸಮನಿಯಿಂದ ಹಳೇಮನಿಗೆ, ವಯಾ ಅಫಿಡವಿಟ್

ನಮ್ಮ ಚಿಗವ್ವನ ನಿಜವಾದ ಹೆಸರು ಇಲ್ಲಿ ಬೇಡ, ನೀಲವ್ವ ಅನ್ನೋಣ. ಅಡ್ಡಹೆಸರುಗಳನ್ನೂ ಬದಲಿಸಿದ್ದೇನೆ. ಸರ್ಕಾರಿ ಕಾಗದಗಳಲ್ಲಿ ಈಗಾಗಲೇ ನಾಲ್ಕು ಸಲ ಬದಲಾಗಿರುವ ಹೆಸರು. ಐದನೇ ಸಲ ನಾನು ಬದಲಿಸಿದರೆ ಆಕೆಗೇನೂ ಬೇಸರವಾಗದು.

ಚಿಗವ್ವ ಹುಟ್ಟಿದ್ದು ಹಿರೇಕೆರೂರು ಸೀಮೆಯ ಹೊಸಮನಿಯವರ ಮನೆಯಲ್ಲಿ. ಕೊಟ್ಟಿದ್ದು ಹಾನಗಲ್ ಕಡೆಯ ಹಳೇಮನಿಯವರಿಗೆ. ಲೋಕದ ಹೆಣ್ಣುಮಕ್ಕಳೆಲ್ಲ ಹಳೇ ಮನೆ ಬಿಟ್ಟು ಹೊಸ ಮನೆಗೆ ಹೋದರೆ ಈಕೆ ಹೊಸಮನಿ ಬಿಟ್ಟು ಹಳೇಮನಿಗೆ ಹೋದಳು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಇದೇನು ದೊಡ್ಡದಲ್ಲ. ದೊಡ್ಡಮನಿಯ ಮಗಳು ಸಣ್ಣಮನಿಗೆ ಸೊಸೆಯಾಗುತ್ತಾಳೆ, ಬೆಲ್ಲದವರ ಮಗಳನ್ನು ಮೆಣಸಿನಕಾಯಿಯವರು ತಂದುಕೊಳ್ಳುತ್ತಾರೆ, ಉಳ್ಳಾಗಡ್ಡಿಯವರು ಉಪ್ಪಿನವರ ಬೀಗರಾಗುತ್ತಾರೆ. ಲಗ್ನಪತ್ರಿಕೆಯೋ ಸಂತೆಯ ಚೀಟಿಯೋ ತಿಳಿಯದೆ ಹೊರಗಿನವರು ಕಕ್ಕಾಬಿಕ್ಕಿಯಾಗುತ್ತಾರೆ. ಮೈಸೂರಿನ ಕಡೆ ಒಂದೆರಡು ಇನಿಶಿಯಲ್‌ಗಳಲ್ಲಿ ಮುಗಿಯುವ ವಂಶದ ಘನತೆ ನಮ್ಮಲ್ಲಿ ಪೂರಾ ಸರಕು-ಸಾಮಾನು ಸಮೇತ ಹೆಸರಿನ ಬೆನ್ನೇರಿರುತ್ತದೆ.

ಆಕೆಯನ್ನು ಹಳೇಮನಿ ಮಾಡಿದ್ದು ಯಾವ ಕಾನೂನು ಅಂತ ಕೇಳಬೇಡಿ. ಅಂಥ ಕಾನೂನೇ ಇಲ್ಲ. ಮದುವೆಯಾದ ಹೆಂಗಸು ಗಂಡನ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಎಂದು ಈ ದೇಶದ ಯಾವ ಕಾಯಿದೆಯೂ ಹೇಳಿಲ್ಲ. ಆದರೆ ನಮ್ಮಲ್ಲಿ ಕಾನೂನು ಹೇಳದೆ ಬಿಟ್ಟದ್ದನ್ನು ಗುಮಾಸ್ತ ಹೇಳುತ್ತಾನೆ, ಗುಮಾಸ್ತ ಬಿಟ್ಟದ್ದನ್ನು ಅತ್ತೆ ಹೇಳುತ್ತಾಳೆ. ಕೆಲವು ಮನೆತನಗಳಲ್ಲಿ ಅಡ್ಡಹೆಸರಿನ ಜೊತೆಗೆ ಇಟ್ಟ ಹೆಸರನ್ನೂ ತವರಲ್ಲೇ ಬಿಟ್ಟು ಬರಬೇಕು. ಅಕ್ಕಿಯ ಮೇಲೆ ಹೊಸ ಹೆಸರು ಬರೆದರೆ ಮುಗಿಯಿತು. ಆ ಅಕ್ಕಿಯನ್ನು ಆಮೇಲೆ ಬೇಯಿಸಿ ಉಣ್ಣುತ್ತಾರೆ. ದಾಖಲೆ ಹೊಟ್ಟೆ ಸೇರುತ್ತದೆ.

ಮೂವತ್ತು ವರ್ಷ ಚಿಗವ್ವನಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ, ಯಾಕೆಂದರೆ ಅಷ್ಟು ವರ್ಷ ಸರ್ಕಾರ ಆಕೆಗೆ ಏನನ್ನೂ ಕೊಡಲಿಲ್ಲ. ತಕರಾರು ಹುಟ್ಟಿದ್ದು ಗೃಹಲಕ್ಷ್ಮಿ ಬಂದಾಗ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ರೇಷನ್ ಕಾರ್ಡಿನಲ್ಲಿ ಹೆಂಗಸನ್ನು ಮನೆಯ ಹಿರಿಯಳೆಂದು ಬರೆಯಬೇಕು ಅಂತ 2013ರ ಆಹಾರ ಭದ್ರತಾ ಕಾಯಿದೆಯೇ ಹೇಳಿತ್ತು. ಚಿಕ್ಕಪ್ಪ ಇದನ್ನು ಹತ್ತು ವರ್ಷ ಗಮನಿಸಿರಲಿಲ್ಲ. 2000 ರೂಪಾಯಿ ಅಂದ ದಿನ ಗಮನಿಸಿದ. ‘ನೀ ಯಜಮಾನ್ತಿ, ನಡಿ’ ಅಂತ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ.

ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಏಳು ತಾಲ್ಲೂಕಿನವರು ‘ನಮ್ಮದೇನು ಕಡಿಮೆ ಇತ್ತೇ’ ಎಂದು ಮುನಿಸಿಕೊಂಡಾರು. ಅಲ್ಲಿ ಟೇಬಲ್ಲಿನ ಮೇಲೆ ಚಿಗವ್ವನನ್ನು ಹರಡಿದರು. ರೇಷನ್ ಕಾರ್ಡಿನಲ್ಲಿ ನೀಲವ್ವ ಹಳೇಮನಿ. ಆಧಾರ್‌ನಲ್ಲಿ ನೀಲಮ್ಮ ಹಳೆಮನೆ, ಏಕೆಂದರೆ ಬೆರಳಚ್ಚು ತೆಗೆದ ಹುಡುಗನಿಗೆ ‘ಅವ್ವ’ ಎನ್ನುವುದು ಹಳ್ಳಿ ಮಾತಾಗಿ ಕಂಡು ಪುಕ್ಕಟೆ ‘ಅಮ್ಮ’ ಮಾಡಿಕೊಟ್ಟಿದ್ದ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನೀಲವ್ವ ಹಲೆಮನಿ. ಇಂಗ್ಲಿಷಿಗೆ ಹೋಗಿ ಬರುವಾಗ ಳಕಾರ ದಾರಿಯಲ್ಲಿ ಬಿದ್ದು ಲಕಾರ ಮಾತ್ರ ಮನೆ ಮುಟ್ಟಿತ್ತು. ಮತದಾರರ ಪಟ್ಟಿಯಲ್ಲಿ ಬರೀ ನೀಲವ್ವ ಗಂಡ ಬಸಪ್ಪ.

‘ಈ ನಾಲ್ಕೂ ಮಂದಿ ಬ್ಯಾರೆ ಬ್ಯಾರೆ ಅದಾರ ನೋಡ್ರಿ.’

‘ನಾಲ್ಕು ಮಂದಿ ಎಲ್ಲೋ ತಮ್ಮಾ, ನಾನ ಒಬ್ಬಾಕಿ.’

‘ಅದಕ್ಕ ದಾಖಲೆ ಏನೈತಿ?’

‘ನಾನ ಬಂದು ಮುಂದ ಕುಂತೇನಲ್ಲೋ!’

‘ನೀವು ದಾಖಲೆ ಅಲ್ಲಬೇ.’

ಈ ಒಂದು ಮಾತಿಗೆ ಆ ಹುಡುಗನಿಗೆ ತತ್ವಶಾಸ್ತ್ರದ ಡಾಕ್ಟರೇಟ್ ಕೊಡಬೇಕು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು ‘ನಾನು ಯಾರು’ ಎಂಬ ಪ್ರಶ್ನೆಗೆ ಜೀವಮಾನವಿಡೀ ಗುರುವಿನ ಹಿಂದೆ ಅಲೆದರು. ಇಲ್ಲಿ ಟೋಕನ್ ತೆಗೆದುಕೊಂಡರೆ ಸಾಕು.

ಪರಿಹಾರವೂ ಸುಲಭ. ಛಾಪಾ ಕಾಗದದ ಮೇಲೆ ‘ಈ ನಾಲ್ವರೂ ನಾನೊಬ್ಬಳೇ’ ಎಂದು ನೋಟರಿಯ ಎದುರು ಪ್ರಮಾಣ ಮಾಡಬೇಕು. ದಶಾವತಾರಕ್ಕೂ ಇಂಥದೊಂದು ಅಫಿಡವಿಟ್ ಇದ್ದಿದ್ದರೆ ಪುರಾಣಿಕರ ಎಷ್ಟೋ ಶ್ರಮ ಉಳಿಯುತ್ತಿತ್ತು. ಆಧಾರ್ ತಿದ್ದಿಸೋಣವೆಂದರೆ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಒಂದು ಸಲ ಆಪರೇಟರನ ತಪ್ಪಿಗೆ ಖರ್ಚು, ಇನ್ನೊಂದು ಸಲ ಆ ತಿದ್ದುಪಡಿಯಲ್ಲಿ ಆದ ತಪ್ಪಿಗೆ ಖರ್ಚು. ಆಮೇಲೆ ಮದುವೆ, ವಿಚ್ಛೇದನ ಏನೇ ಆದರೂ ಹೆಣ್ಣುಮಗಳು ಎರಡರ ಮಿತಿಯೊಳಗೆ ಬಾಳುವೆ ಮಾಡಬೇಕು.

ಇನ್ನು ಪ್ಯಾನ್ ಕಾರ್ಡು. ಮಗಳ ಜೊತೆ ಜಂಟಿ ಠೇವಣಿಗೆಂದು ಅದನ್ನೂ ಮಾಡಿಸಿದರು. ಅದರ ಅರ್ಜಿ ಬೇರೆ ಧಾಟಿಯದು. ಮದುವೆಯಾದ ಹೆಂಗಸಾದರೂ ತಂದೆಯ ಹೆಸರನ್ನೇ ಬರೆಯಬೇಕು, ಗಂಡನದು ಬೇಡ ಅನ್ನುತ್ತದೆ. ಆಧಾರ್‌ನಲ್ಲಿ ಗಂಡನ ಕೇರ್ ಆಫ್, ಪ್ಯಾನ್‌ನಲ್ಲಿ ಅಪ್ಪನ ಮಗಳು, ರೇಷನ್ ಕಾರ್ಡಿನಲ್ಲಿ ತಾನೇ ಯಜಮಾನಿ. ಒಂದೇ ಪರ್ಸಿನಲ್ಲಿ ಮೂರು ಸಂಸಾರ. ಹಳೆಯ ಪಹಣಿಗಳಲ್ಲಿ ಇದೆಲ್ಲ ಒಂದೇ ಅಕ್ಷರದಲ್ಲಿ ಮುಗಿಯುತ್ತಿತ್ತು: ‘ಕೋಂ’. ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ. ಈಗ ಕೋಂ ಹೋಗಿ ಕೇರ್ ಆಫ್ ಬಂದಿದೆ. ಕೇರ್ ಎಷ್ಟಿದೆಯೋ ಬಸಪ್ಪನೇ ಬಲ್ಲ.

ಇದೆಲ್ಲ ಇವತ್ತಿನ ರೋಗವಲ್ಲ. ದೇಶದ ಮೊದಲ ಚುನಾವಣೆಯ ಮತದಾರರ ಪಟ್ಟಿಯಿಂದ, 1951-52ರಲ್ಲಿ, ಸುಮಾರು 28 ಲಕ್ಷ ಹೆಂಗಸರು ಬಿದ್ದುಹೋದರು. ಬಹುಪಾಲು ಉತ್ತರದ ರಾಜ್ಯಗಳವರು. ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಹೇಳಿ ಸ್ವಂತ ಹೆಸರು ಹೇಳಲಿಲ್ಲ ಎಂಬುದು ಅವರ ಮೇಲಿನ ಆಕ್ಷೇಪ. ನಮ್ಮಲ್ಲಿ ಉಲ್ಟಾ: ಹೆಂಗಸರು ತಮ್ಮ ಹೆಸರು ಹೇಳುತ್ತಾರೆ, ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ ಹೇಳಬೇಕು. ಚಿಗವ್ವನೂ ಕೌಂಟರಿನ ಮುಂದೆ ಒಡಪು ಶುರು ಮಾಡಿದ್ದಳಂತೆ: ‘ಸವಣೂರ ಎಲಿ, ಬ್ಯಾಡಗಿ ಮೆಣಸಿನಕಾಯಿ ಕೆಂಪ, ನಮ್ಮ ಬಸಪ್ಪರಾಯರ ಹೆಸರ ಹಿಡಿಸೂದಿಲ್ಲ ನಿಮ್ಮ ಕಂಪ್ಯೂಟರಿನ ಡಬ್ಬ್ಯಾಗ.’ ಹುಡುಗ ‘ಡಬ್ಬಿ ಅಡ್ಡಹೆಸರೇನ್ರೀ?’ ಎಂದು ಕೇಳಿದ.

ಸವಣೂರು ಅಂದಕೂಡಲೇ ಒಂದು ನೆನಪಾಯಿತು. ಅಲ್ಲಿನ ದೊಡ್ಡಹುಣಸೆ ಕಲ್ಮಠದ ಬಳಿ ಆನೆ ಮೈಯ ಮೂರು ಮರಗಳಿವೆ. ಮೂಲ ಆಫ್ರಿಕ, ಅಲ್ಲಿಯ ಹೆಸರು ಬಾವೊಬಾಬ್. ಇಲ್ಲಿಗೆ ಬಂದ ಮೇಲೆ ನಮ್ಮವರು ಅತ್ತೆ ಮನೆಯ ಹೆಸರಿಟ್ಟು ‘ದೊಡ್ಡ ಹುಣಸೆ’ ಎಂದರು. ಹುಣಸೆಗೂ ಅದಕ್ಕೂ ರಕ್ತಸಂಬಂಧವಿಲ್ಲ. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಜನ ಸೇರಿ ಎತ್ತಿ ಮತ್ತೆ ನೆಟ್ಟರು. ಬಿದ್ದದ್ದು ಬಾವೊಬಾಬೋ ದೊಡ್ಡ ಹುಣಸೆಯೋ, ಎರಡೂ ಒಂದೇ ಎಂಬುದಕ್ಕೆ ಪತ್ರ ತನ್ನಿ ಅಂತ ಯಾರೂ ಅನ್ನಲಿಲ್ಲ. ಅದೇ ಸವಣೂರಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣರು ಹೆಸರಿನ ತುದಿಗೆ ಗೋಕಾಕ ಹೊತ್ತುಕೊಂಡೇ ಜ್ಞಾನಪೀಠದವರೆಗೂ ಹೋದರು. ‘ಹುಟ್ಟಿದ ಊರು ಒಂದು, ಅಡ್ಡಹೆಸರು ಇನ್ನೊಂದು, ಹೊಂದಾಣಿಕೆ ಆಗುತ್ತಿಲ್ಲ’ ಎಂದು ಅರ್ಜಿ ವಾಪಸಾಗಲಿಲ್ಲ. ಗಂಡಸರಿಗೂ ಮರಗಳಿಗೂ ನಮ್ಮಲ್ಲಿ ಬೇರೆ ನಿಯಮ.

ಹೆಂಗಸರಲ್ಲೂ ಒಬ್ಬರು ತಪ್ಪಿಸಿಕೊಂಡರು. ಗಾಯಕಿ ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಂದೆ ಚಿಕ್ಕುರಾವ್ ನಾಡಿಗೇರ, ಗಂಡ ಗುರುರಾವ್ ಕೌಲಗಿ. ಆಕೆ ನಾಡಿಗೇರಳೂ ಆಗಲಿಲ್ಲ, ಕೌಲಗಿಯೂ ಆಗಲಿಲ್ಲ. ಪೂರ್ವಿಕರ ಊರು ಹಾನಗಲ್ಲನ್ನು ಹೆಸರಿಗೆ ಕಟ್ಟಿಕೊಂಡು ಜಗತ್ತನ್ನೆಲ್ಲ ಸುತ್ತಿ ಬಂದರು. ಜೊತೆಗೆ ಕೂತು ಹಾಡಿದ ಮಗಳು ಕೃಷ್ಣಾ ಕೂಡ ಹಾನಗಲ್, ಗಂಡುಮಕ್ಕಳೂ ಹಾನಗಲ್. ತಾಯಿಯ ಕಡೆಯಿಂದ ಅಡ್ಡಹೆಸರು ಇಳಿದು ಬಂತು, ಆಕಾಶ ಬೀಳಲಿಲ್ಲ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಪುಣ್ಯಕ್ಕೆ ಆಗ ಪದ್ಮ ಪ್ರಶಸ್ತಿಗೆ ಆಧಾರ್ ಜೋಡಣೆ ಇರಲಿಲ್ಲ. ಇದ್ದಿದ್ದರೆ ‘ಅಮ್ಮಾ, ಧ್ವನಿ ಗಂಡಸಿನಂತಿದೆ, ಗಂಡನ ಹೆಸರು ಬೇರೆ ಇದೆ, ಎರಡೂ ಸರಿಪಡಿಸಿಕೊಂಡು ಬನ್ನಿ’ ಎಂದು ದಿಲ್ಲಿಯಿಂದ ಮರಳಿ ಕಳಿಸುತ್ತಿದ್ದರು.

ಊರಿನ ಕಥೆ ಹೀಗಾದರೆ ಲೋಕದ್ದು? ಚೀನಾದಲ್ಲಿ 1950ರ ಮದುವೆ ಕಾನೂನೇ ಗಂಡ ಹೆಂಡತಿ ಇಬ್ಬರಿಗೂ ಅವರವರ ಮನೆತನದ ಹೆಸರಿನ ಹಕ್ಕು ಕೊಟ್ಟುಬಿಟ್ಟಿತು. ಅಲ್ಲಿನ ಹೆಣ್ಣು ಪರದೇಶದವನನ್ನು ಕಟ್ಟಿಕೊಂಡರೂ ತನ್ನ ದೇಶದಲ್ಲಿ ಅಪ್ಪನ ಮನೆಯ ಹೆಸರಲ್ಲೇ ಇರುತ್ತಾಳೆ. ಗಂಡನ ದೇಶದಲ್ಲಿ ಅವನ ಹೆಸರು ಹಚ್ಚಿಕೊಂಡಳೋ, ಆಗ ನಮ್ಮ ಚಿಗವ್ವನ ತಂಗಿಯಾಗುತ್ತಾಳೆ. ಕೆನಡಾದ ಕ್ವಿಬೆಕ್ಕಿನಲ್ಲಿ 1981ರಿಂದ ಗಂಡನ ಹೆಸರು ಬೇಕೆಂದರೂ ಕಾನೂನು ಕೊಡುವುದಿಲ್ಲ. ಜಪಾನಿನಲ್ಲಿ ಗಂಡ ಹೆಂಡಿರಿಗೆ ಒಂದೇ ಅಡ್ಡಹೆಸರು ಇರಲೇಬೇಕು, ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲೂ 2021ರಲ್ಲೂ ಅದನ್ನು ಎತ್ತಿಹಿಡಿಯಿತು. ಅಡ್ಡಹೆಸರೇ ಇಲ್ಲದ ನಮ್ಮ ಹುಡುಗಿಯರ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದವರು ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಗಂಡನ ಮನೆಯ ಹೆಸರು ಬೇಡ ಅಂತಿದ್ದ ನನ್ನ ಗೆಳೆಯನ ಮಗಳು ಅಲ್ಲಿ ಹೋಗಿ ಮಿಸ್ ಎಫ್‌ಎನ್‌ಯು ಆಗಿದ್ದಾಳೆ.

ನಮ್ಮವರು ಮಧ್ಯಮ ಮಾರ್ಗಿಗಳು. ಹೆಂಗಸರು ಪಾಸ್‌ಪೋರ್ಟಿಗಾಗಿ ಮದುವೆಯ ನಂತರ ಹೆಸರು ಬದಲಿಸಬೇಕಿಲ್ಲ ಎಂದು 2017ರಲ್ಲಿ ಪ್ರಧಾನಿಯೇ ಹೇಳಿದರು. ಇತ್ತ ತವರಿನ ಹೆಸರಿಗೆ ಮರಳಬೇಕೆಂದರೆ ವಿಚ್ಛೇದನದ ತೀರ್ಪು ತನ್ನಿ, ಇಲ್ಲವೇ ಗಂಡನ ನಿರಾಕ್ಷೇಪಣಾ ಪತ್ರ ತನ್ನಿ ಎಂಬ ಗೆಜೆಟ್ ನಿಯಮವನ್ನು ಒಬ್ಬ ಮಹಿಳೆ 2024ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಪ್ರಶ್ನಿಸಬೇಕಾಯಿತು. ಹೆಸರು ಹಚ್ಚಿಕೊಳ್ಳುವಾಗ ಅಪ್ಪನ ಒಪ್ಪಿಗೆ ಪತ್ರ ಯಾರೂ ಕೇಳಿರಲಿಲ್ಲ. ಬಿಡುವಾಗ ಮಾತ್ರ ಗಂಡನ ಸಹಿ ಬೇಕು. ಬಾಡಿಗೆಯ ಸೈಕಲ್ಲಿಗೂ ಇಷ್ಟು ಷರತ್ತಿಲ್ಲ.

ಆರು ತಿಂಗಳು ಓಡಾಡಿದ ಮೇಲೂ ಚಿಗವ್ವ ನಾಲ್ವರಾಗಿಯೇ ಉಳಿದಳು. ಹೀಗಿರುವಾಗ ಒಂದು ಬೆಳಿಗ್ಗೆ ತವರಿನಿಂದ ಕಾರು ಬಂತು. ತಮ್ಮಂದಿರಿಬ್ಬರು, ಸೀರೆ, ಬಾಳೆಹಣ್ಣಿನ ಚಿಪ್ಪು, ಸವಣೂರಿನ ಖಾರದ ಪೊಟ್ಟಣ. ರಸ್ತೆ ಬದಿಯ ನಾಲ್ಕು ಎಕರೆಗೆ ಒಳ್ಳೆ ಗಿರಾಕಿ ಸಿಕ್ಕಿದ್ದಾನೆ, ‘ಅಕ್ಕಾ, ಹಕ್ಕು ಬಿಡುಗಡೆ ಪತ್ರಕ್ಕ ಒಂದು ಹೆಬ್ಬೆಟ್ಟು’ ಅಂದರು.

ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಅವರಿಗೂ ಗೊತ್ತಿತ್ತು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಕೇಂದ್ರ 2005ರಲ್ಲಿ ತಂದಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಹೇಳಿ ಗೊಂದಲ ಮುಗಿಸಿತು. ಆ ಪ್ರಕರಣದ ತಲೆಬರಹ ನೋಡಿ, ಎರಡೂ ಕಡೆ ಅದೇ ಶರ್ಮಾ. ಅಡ್ಡಹೆಸರು ಒಂದೇ ಇದ್ದರೆ ಅಕ್ಕ ಯಾರು ಎಂದು ಕೋರ್ಟಿಗೆ ಬೇಗ ತಿಳಿಯುತ್ತದೆಯೋ ಏನೋ.

ಅವತ್ತು ಚಿಗವ್ವನನ್ನು ಗುರುತಿಸುವುದಕ್ಕೆ ಯಾರಿಗೂ ಅಡ್ಡಿಯಾಗಲಿಲ್ಲ. ಪತ್ರ ಬರೆಯುವವನು ‘ನೀಲವ್ವ ತಂದೆ ಫಕ್ಕೀರಪ್ಪ ಹೊಸಮನಿ, ಕೋಂ ಬಸಪ್ಪ ಹಳೇಮನಿ’ ಅಂತ ಒಂದೇ ಉಸಿರಿಗೆ ಬರೆದುಕೊಂಡು ಬಂದಿದ್ದ. ಎರಡು ಸಾವಿರ ಕೊಡಬೇಕಾದಾಗ ನಾಲ್ವರಾಗಿ ಕಂಡ ಹೆಂಗಸು ನಾಲ್ಕು ಎಕರೆ ಬಿಡಬೇಕಾದಾಗ ಮೂರು ಊರಿನವರಿಗೂ ಒಬ್ಬಳೇ ಆಗಿ ಕಂಡಳು. ಅಫಿಡವಿಟ್ ಬೇಡ, ಹೊಂದಾಣಿಕೆ ಬೇಡ, ಳಕಾರದ ಚಿಂತೆ ಬೇಡ. ಹೆಬ್ಬೆಟ್ಟಿಗೆ ಸ್ಪೆಲ್ಲಿಂಗ್ ಇರುವುದಿಲ್ಲವಲ್ಲ.

ಚಿಗವ್ವ ಸೀರೆ ತೆಗೆದಿಟ್ಟುಕೊಂಡಳು, ಚಹಾ ಕೊಟ್ಟಳು. ಆಮೇಲೆ ಆರು ತಿಂಗಳ ಕಚೇರಿ ತಿರುಗಾಟದ ವಿದ್ಯೆಯನ್ನೆಲ್ಲ ಹೊರತೆಗೆದಳು.

‘ಈ ಹೊಸಮನಿ ನೀಲವ್ವ ನಾನ ಅನ್ನೂದಕ್ಕ ದಾಖಲೆ ಏನೈತಿ?’

‘ಏ ಅಕ್ಕಾ, ನೀ ಎದುರಿಗೇ ಕುಂತೀಯಲ್ಲ!’

‘ನಾ ದಾಖಲೆ ಅಲ್ಲೋ. ಕೇಳಿ ಬಂದೇನಿ.’

ಈಗ ತಮ್ಮಂದಿರು ಓಡಾಡುತ್ತಿದ್ದಾರೆ. ಗ್ರಾಮ ಆಡಳಿತಾಧಿಕಾರಿಯಿಂದ ವಂಶವೃಕ್ಷ ಬೇಕು, ಅದರಲ್ಲಿ ಅಕ್ಕನನ್ನು ಇವರೇ ಕೈಯಾರೆ ಮಗಳೆಂದು ಬರೆಸಬೇಕು. ಹಳೆಯ ರೇಷನ್ ಕಾರ್ಡು ಬೇಕು, ಶಾಲೆಯ ದಾಖಲೆ ಬೇಕು, ಪಂಚರ ಹೇಳಿಕೆ ಬೇಕು. ಒಂದೊಂದು ಕಾಗದ ಕೂಡಿದಂತೆಲ್ಲ ನಾಲ್ಕು ಎಕರೆಯಲ್ಲಿ ಆಕೆಯ ಪಾಲು ಗಟ್ಟಿಯಾಗುತ್ತಿದೆ ಎಂದು ಅವರ ವಕೀಲರೇ ಬೆವರೊರೆಸಿಕೊಂಡು ಹೇಳಿದರಂತೆ. ಮೊನ್ನೆ ಹೇಗೋ ಎರಡನೇ ಇಯತ್ತೆಯ ದಾಖಲಾತಿ ಪುಸ್ತಕದ ನಕಲು ಹಿಡಿದು ಬಂದಿದ್ದರು. ಚಿಗವ್ವ ಕನ್ನಡಕ ಏರಿಸಿ, ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು. ಅದರಲ್ಲಿ ‘ನೀಲಮ್ಮ’ ಎಂದಿತ್ತು.

‘ಈಕಿ ಯಾರೋ ನನಗ ಗೊತ್ತಿಲ್ಲಪಾ’ ಅಂದಳು. ‘ಮುಂದಿನ ವಾರ ಬರ್ರಿ.’