ಪಂಕೋಟ ಭೋಜನ ಮೀಮಾಂಸೆ

1984ರ ಮೇ 23ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಒಂದು ರಾಜಭೋಜನ ಬಡಿಸಲಾಯಿತು. ಸಾಮಾನು ಸರಂಜಾಮು ಜಾರ್ಜ್ ಲ್ಯೂಕಾಸ್ ಅವರದು, ಬಡಿಸಿದವರು ಸ್ಟೀವನ್ ಸ್ಪಿಲ್‌ಬರ್ಗ್, ಉಂಡದ್ದು ಲೋಕದ ಜನ, ಹೊಟ್ಟೆನೋವು ನಮ್ಮದು. 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಎಂಬ ಆ ಸಾಹಸಚಿತ್ರ 33 ಕೋಟಿ ಡಾಲರಿನಷ್ಟು ದುಡಿದು, ದೃಶ್ಯಪರಿಣಾಮಕ್ಕೆ ಆಸ್ಕರ್ ಗಿಟ್ಟಿಸಿ, ಭಾರತದಲ್ಲಿ ಕೆಲಕಾಲ ನಿಷೇಧವನ್ನೂ ಕಂಡಿತು. ಅಂದು ಪಂಕ್ತಿಗೆ ಕುಳಿತ ಅಭಿಮಾನಿಗಳು ಇಂದಿಗೂ ಎಲೆಯಿಂದ ಎದ್ದಿಲ್ಲ. ಈ ಚಿತ್ರ ಭಾರತೀಯರನ್ನು ಹೀಗಳೆಯಿತೋ ಇಲ್ಲವೋ ಎಂಬ ವಾಗ್ವಾದದಲ್ಲಿ ಹುಟ್ಟಿಕೊಂಡ ಪಂಥಗಳನ್ನು ಶಾಸ್ತ್ರೋಕ್ತವಾಗಿ ವಿಂಗಡಿಸಿ, ಪರಾಮರ್ಶಿಸಿ, ಆದಷ್ಟೂ ಗೋಜಲುಗೊಳಿಸಿ ವಿದ್ವತ್ ಲೋಕದ ಮುಂದಿಡುವುದು ಪ್ರಸ್ತುತ ಸಂಪ್ರಬಂಧದ ಉದ್ದೇಶವಾಗಿರುತ್ತದೆ.

ಮೊದಲು ಮೂಲಪಾಠ. ಕಾಲ 1935. ಸ್ಥಳ ಪಂಕೋಟದ ಅರಮನೆ. ಭೂಪಟ ತೆರೆಯುವ ಶ್ರಮ ಬೇಡ, ಸಿಗುವುದಿಲ್ಲ. ಶಾಂಘೈನಿಂದ ಹೊರಟ ವಿಮಾನದ ಚಾಲಕರು ನಡುದಾರಿಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿಬಿಟ್ಟದ್ದರಿಂದ ನಾಯಕ, ನಾಯಕಿ ಮತ್ತು ಒಬ್ಬ ಪೋರ ರಬ್ಬರ್ ದೋಣಿಯಲ್ಲಿ ಕುಳಿತು ಆಕಾಶದಿಂದ ಹಿಮಾಲಯಕ್ಕೂ, ಹಿಮಾಲಯದಿಂದ ಹೊಳೆಗೂ, ಹೊಳೆಯಿಂದ ಮಾಯಾಪುರವೆಂಬ ಬರಗೆಟ್ಟ ಹಳ್ಳಿಗೂ ಜಾರಿಕೊಂಡು ಬರುತ್ತಾರೆ. ದೆಹಲಿಗೆ ಹೋಗುವ ದಾರಿಯಲ್ಲಿ ಪಂಕೋಟಕ್ಕೆ ಹೋಗಿ ಎಂದು ಊರ ಹಿರಿಯ ಹೇಳಿದರೆ, ಪಂಕೋಟ ದೆಹಲಿ ದಾರಿಯಲ್ಲಿಲ್ಲ ಎಂದು ನಾಯಕ ತಕರಾರು ತೆಗೆಯುತ್ತಾನೆ. ಇಡೀ ಚಿತ್ರದಲ್ಲಿ ಭಾರತದ ಬಗ್ಗೆ ಬಂದ ಹೇಳಿಕೆಗಳಲ್ಲಿ ಯಾವ ಪಂಥವೂ ಪ್ರಶ್ನಿಸದ ಹೇಳಿಕೆ ಇದೊಂದೇ.

ಅರಮನೆಯಲ್ಲಿ ಊಟ. ಮೊದಲು ಬಂದದ್ದು ದೊಡ್ಡ ಹಾವು. ಅದರ ಹೊಟ್ಟೆ ಸೀಳಿದರೆ ಒಳಗಿಂದ ಜೀವಂತ ಮರಿಹಾವುಗಳು ಬಳಬಳ ಹೊರಬೀಳುತ್ತವೆ. ನಾಯಕಿಯ ಪಕ್ಕದ ಡೊಳ್ಳುಹೊಟ್ಟೆಯ ಅತಿಥಿ ಒಂದನ್ನು ಎತ್ತಿ ಸುರ್ರೆಂದು ಎಳೆದುಕೊಳ್ಳುತ್ತಾನೆ. ಹಿಂದೆಯೇ ಅಂಗೈಯಗಲದ ಜೀರುಂಡೆ, ಮುರಿದು ಹೀರುವುದಕ್ಕೆ. ಪಾಪ, ಆಕೆ ಸೂಪಾದರೂ ಇದೆಯೇ ಎಂದು ಕೇಳಿದರೆ, ಸೂಪು ಬರುತ್ತದೆ. ಚಮಚ ಆಡಿಸಿದ ಕೂಡಲೇ ಕಣ್ಣುಗುಡ್ಡೆಗಳು ಮೇಲಕ್ಕೆ ತೇಲಿ ಆಕೆಯನ್ನೇ ದಿಟ್ಟಿಸುತ್ತವೆ. ಕೊನೆಯ ಸಿಹಿ, ಮಂಗನ ತಲೆಯನ್ನೇ ಬಟ್ಟಲು ಮಾಡಿ ಬಡಿಸಿದ ತಣ್ಣನೆಯ ಮಿದುಳು. ನಾಯಕಿ ಮೂರ್ಛೆ ಹೋಗುತ್ತಾಳೆ. ಚಿತ್ರೀಕರಣದಲ್ಲಿ ಮಿದುಳಿನ ಪಾತ್ರ ವಹಿಸಿದ್ದು ಕಸ್ಟರ್ಡ್ ಮತ್ತು ರಾಸ್ಪ್‌ಬೆರಿ ರಸವಾದ್ದರಿಂದ, ಮೊಟ್ಟೆ ಬೀಳದಿದ್ದ ಪಕ್ಷದಲ್ಲಿ, ಅಂದಿನ ಪಂಕ್ತಿಯಲ್ಲಿ ಮಡಿಯವರೂ ಮುಟ್ಟಬಹುದಾಗಿದ್ದ ಖಾದ್ಯ ಅದೇ ಎಂದು ಮನಗಾಣಬಹುದಾಗಿದೆ. ಇಷ್ಟೆಲ್ಲ ಬಡಿಸಿದರೂ ಉಪ್ಪು ಬಡಿಸಿದ್ದು ಕಾಣುವುದಿಲ್ಲ. ವಿದ್ವಾಂಸರೆಲ್ಲ ಮಂಗನನ್ನೇ ನೋಡುತ್ತ ಕುಳಿತದ್ದರಿಂದ ಈ ಮಹಾಲೋಪ ಇದುವರೆಗೆ ಯಾರ ಗಮನಕ್ಕೂ ಬಂದಿಲ್ಲ.

ಈಗ ಪಂಥಗಳು. ಮೊದಲನೆಯದು ಆಹತವಾದ. ಇವರದು ಸರಳ ವಾದ: ಈ ಚಿತ್ರದ ಭಾರತದಲ್ಲಿ ಮೂರೇ ಬಗೆಯ ಜನರಿದ್ದಾರೆ. ಹಸಿದವರು, ಹಾವು ತಿನ್ನುವವರು, ಎದೆ ಬಗೆದು ಹೃದಯ ಕೀಳುವವರು. ಮೂವರನ್ನೂ ಕಾಪಾಡಲು ಒಬ್ಬ ಅಮೆರಿಕನ್ ಪ್ರಾಧ್ಯಾಪಕ ಬರಬೇಕು, ಅವನನ್ನು ಕಾಪಾಡಲು ಬ್ರಿಟಿಷ್ ಪಡೆ ಬರಬೇಕು. ಇವರ ಬತ್ತಳಿಕೆಯ ಬಲವಾದ ಬಾಣ ಚಿತ್ರದೊಳಗಿನದಲ್ಲ. ಅಮೆರಿಕದ ಶಾಲೆಗಳಲ್ಲಿ ಮಧ್ಯಾಹ್ನ ಡಬ್ಬಿ ತೆರೆದ ಭಾರತೀಯ ಮಕ್ಕಳನ್ನು ಸಹಪಾಠಿಗಳು 'ಇದು ಮಂಗನ ಮಿದುಳಾ?' ಎಂದು ಕೇಳುತ್ತಿದ್ದರು. ಅಲ್ಲಿ ಬೆಳೆದ ಆ ತಲೆಮಾರಿನವರ ಬಾಯಲ್ಲಿ ಇದು ಮತ್ತೆ ಮತ್ತೆ ಕೇಳಿಬರುವ ಮಾತು. ಡಬ್ಬಿಯಲ್ಲಿ ಇದ್ದದ್ದು ಚಿತ್ರಾನ್ನವೋ ಚಪಾತಿಯೋ. ಈ ಒಂದು ಪುರಾವೆಗೆ ಉಳಿದ ಯಾವ ಪಂಥದ ಬಳಿಯೂ ಉತ್ತರವಿಲ್ಲ. ಉತ್ತರವಿಲ್ಲದ್ದನ್ನು ದಾಟಿ ಮುಂದೆ ಹೋಗುವುದು ವಿದ್ವತ್ ಸಂಪ್ರದಾಯವಾದ್ದರಿಂದ ನಾವೂ ದಾಟುತ್ತೇವೆ.

ಎರಡನೆಯದು ಬಿಡ್ರೀವಾದ. 'ಬಿಡ್ರೀ, ಸಿನಿಮಾ ಅಷ್ಟೇ ತಾನೆ' ಎಂಬುದು ಇದರ ಏಕಸೂತ್ರ. ಸೂತ್ರಕ್ಕೆ ಭಾಷ್ಯವಿಲ್ಲ, ಬೇಕಾಗಿಯೂ ಇಲ್ಲ. ತೇಗಿ ಎದ್ದು ಹೋಗುವುದೇ ಸಾಧನಮಾರ್ಗ. ಆದರೆ ಈ ಪಂಥದ ಅನುಯಾಯಿಯ ಎದುರು, ನಾಯಕನ ಟೋಪಿಯ ಅಂಚು ಹಿಂದಿನ ಚಿತ್ರಕ್ಕಿಂತ ಅರ್ಧ ಅಂಗುಲ ಅಗಲ ಎಂದು ಹೇಳಿ ನೋಡಿ. ಚಾಟಿಯ ಉದ್ದ, ಗಣಿಬಂಡಿಯ ವೇಗ, 1936ರ ಕಥೆಯನ್ನು 1981ರಲ್ಲಿ ಹೇಳಿ 1935ರ ಕಥೆಯನ್ನು 1984ರಲ್ಲಿ ಹೇಳಿದ್ದರ ಔಚಿತ್ಯ, ಎಲ್ಲದರ ಮೇಲೂ ನಡುರಾತ್ರಿವರೆಗೆ ವಾದ ನಡೆಯುತ್ತದೆ. ಟೋಪಿ ಗಂಭೀರ ವಿಷಯ. ನಾಡು ಮಾತ್ರ ಸಿನಿಮಾ ಅಷ್ಟೇ.

ಕಾಲಧರ್ಮವಾದಿಗಳನ್ನು ಬೇಗ ಮುಗಿಸಬಹುದು. 'ಆ ಕಾಲ ಹಾಗಿತ್ತು' ಎನ್ನುತ್ತಾರೆ. ಆ ಕಾಲದಲ್ಲೇ, ಬರೀ ಎರಡು ವರ್ಷ ಮುಂಚೆ, 1982ರಲ್ಲಿ 'ಗಾಂಧಿ' ಬಂದಿತ್ತು, ಎಂಟು ಆಸ್ಕರ್ ಬಾಚಿಕೊಂಡಿತ್ತು. ಅದರಲ್ಲಿ ನೆಹರೂ ಆಗಿದ್ದ ರೋಷನ್ ಸೇಠ್ ಅವರೇ ಇಲ್ಲಿ ಪಂಕೋಟದ ದಿವಾನ ಚತ್ತರ್ ಲಾಲ್. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯ ಜೊತೆ ನಿಂತ ಖಾನ್ ಪಾತ್ರದ ಅಮರೀಶ್ ಪುರಿಯೇ ಇಲ್ಲಿ ಎದೆ ಬಗೆಯುವ ಮೋಲಾರಾಮ್. ಅಂದರೆ ಅಮೆರಿಕದ ಪ್ರೇಕ್ಷಕ ಎರಡೇ ವರ್ಷದಲ್ಲಿ ನೆಹರೂ ಅವರ ಪಂಕ್ತಿಯಲ್ಲೇ ಮಂಗನ ಮಿದುಳು ಬಡಿಸಿದ್ದನ್ನು ಕಂಡ. ಕಾಲವನ್ನು ದೂರುವ ಮುನ್ನ ಕಾಲವನ್ನೂ ಒಂದು ಮಾತು ಕೇಳಬೇಕಿತ್ತು.

ವಾದದ ಸೊಗಸು ಇರುವುದು ಕುರುಹುವಾದದಲ್ಲಿ. ಇವರ ಪ್ರಕಾರ ಆ ಊಟ ಭಾರತೀಯರ ಊಟವೇ ಅಲ್ಲ. ಅರಮನೆ ದುಷ್ಟರ ವಶವಾಗಿದೆ ಎಂದು ಪ್ರೇಕ್ಷಕರಿಗೆ ನಿರ್ದೇಶಕರು ಕೊಟ್ಟ ಕುರುಹು. ಆಧಾರ? ನಿಷ್ಠಾವಂತ ಹಿಂದೂ ಮಾಂಸ ಮುಟ್ಟುವುದಿಲ್ಲ, ಹಾಗಾದರೆ ಇವರು ಯಾರು ಎಂದು ನಾಯಕನೇ ಅನುಮಾನಪಡುವ ಮಾತು ಚಿತ್ರಕಥೆಯಲ್ಲಿ ಇತ್ತು, ತೆರೆಗೆ ಬರಲಿಲ್ಲ, ಅಷ್ಟೇ. ಆ ಒಂದು ಮಾತು ಉಳಿದಿದ್ದರೆ ಭಾರತದ ಮಾನ ಉಳಿಯುತ್ತಿತ್ತು ಎಂಬುದು ಇವರ ಅಳಲು.

ಆಕ್ಷೇಪ: ಹಾಗಾದರೆ ಮಂಡ್ಯದ ಬೀಗರೂಟಕ್ಕೆ ಹೋದವರೆಲ್ಲ ಮೋಲಾರಾಮನ ಕಡೆಯವರೇ? ಸಮಾಧಾನ: ಅದು ಬೇರೆ. ಆಕ್ಷೇಪ: ಕೊಡಗಿನ ಪಂದಿಕರಿ? ಸಮಾಧಾನ: ಅದೂ ಬೇರೆ. ಆಕ್ಷೇಪ: ಚಿತ್ರದಲ್ಲಿ ಆರಾಧಿಸುವುದು ಕಾಳಿಯನ್ನು, ಕಾಳಿಗೆ ಕುರಿ ಕೋಳಿಯನ್ನೇ ಎಡೆ ಇಡುವ ನಿಷ್ಠಾವಂತರು ಬಂಗಾಳದಿಂದ ನಮ್ಮೂರ ಮಾರಿಗುಡಿಯವರೆಗೆ ತುಂಬಿದ್ದಾರಲ್ಲ? ಇದಕ್ಕೆ ಸಮಾಧಾನ ಇನ್ನೂ ಬಂದಿಲ್ಲ, ಬಂದಾಗ ತಿಳಿಸಲಾಗುವುದು. ಭಾರತೀಯರೆಲ್ಲ ಮಂಗ ತಿನ್ನುತ್ತಾರೆ ಎಂಬ ಅಪವಾದವನ್ನು ತೊಳೆಯಲು ಭಾರತೀಯರೆಲ್ಲ ಹುರುಳಿಕಾಯಿ ಪಲ್ಯ ತಿನ್ನುತ್ತಾರೆ ಎಂಬ ನೀರು ತಂದ ಈ ಪಂಥದ ಸೇವೆ ಸ್ಮರಣೀಯ. ಕುತೂಹಲದ ಸಂಗತಿಯೆಂದರೆ, ಈ ಒಂದು ಬಿಂದುವಿನಲ್ಲಿ ಅರ್ಧಕ್ಕರ್ಧ ಆಹತವಾದಿಗಳೂ ಕುರುಹುವಾದಿಗಳ ಜೊತೆ ಕೈಜೋಡಿಸುತ್ತಾರೆ. ಮಂಗ ಬಿಟ್ಟು ಕುರಿ ಬಡಿಸಿದ್ದರೂ ಇವರಿಗೆ ಅಷ್ಟೇ ನೋವಾಗುತ್ತಿತ್ತು.

ಸೇಠ್ ಭಾಷ್ಯ ಇದಕ್ಕಿಂತ ಸೂಕ್ಷ್ಮ. ದಿವಾನನ ಪಾತ್ರಧಾರಿಯೇ ಮುಂದೆ ಒಂದು ಸಂದರ್ಶನದಲ್ಲಿ ವಿವರಿಸಿದಂತೆ, ಆ ಊಟ ಒಂದು ತಮಾಷೆಯಾಗಬೇಕಿತ್ತು. ನಾವು ಜಿರಲೆ ತಿನ್ನುತ್ತೇವೆ ಎಂದು ಬಿಳಿಯರು ನಂಬಿರುವುದು ಜಾಣ ಭಾರತೀಯರಿಗೆ ಗೊತ್ತು. ತಗೊಳ್ಳಿ, ನೀವು ಬಯಸಿದ್ದೇ ಇದೆ ಎಂದು ಬಡಿಸಿದರು. ಆದರೆ ಅಂಥ ನವಿರು ಆ ಚಿತ್ರಕ್ಕೆ ಜಾಸ್ತಿಯಾಯಿತು ಎಂದೂ ಅವರೇ ಒಪ್ಪಿಕೊಂಡಿದ್ದಾರೆ. ಉರುಳುವ ಗಣಿಬಂಡಿ, ಉಕ್ಕುವ ಲಾವಾ, ಬೆಂಕಿ ಹತ್ತಿದ ಹೃದಯಗಳ ನಡುವೆ ಒಂದು ವ್ಯಂಗ್ಯಾರ್ಥ ಸಿಕ್ಕಿಹಾಕಿಕೊಂಡರೆ ಅದರ ಗತಿ ಏನಾಗಬಹುದು ಎಂಬುದನ್ನು ಧ್ವನಿಸಿದ್ಧಾಂತದ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಅಭ್ಯಸಿಸಬಹುದು. ಈ ಪ್ರಬಂಧಕಾರ ಸೇಠ್ ಪಕ್ಷಪಾತಿ. ತಮಾಷೆ ಇತ್ತು, ಗುರಿ ಮುಟ್ಟಲಿಲ್ಲ ಎನ್ನುವವನ ಮಾತು, ತಮಾಷೆಯೂ ಇತ್ತು ಗುರಿಯೂ ಮುಟ್ಟಿತು ಎನ್ನುವವನ ಮಾತಿಗಿಂತ ನಂಬಲರ್ಹ.

ಇನ್ನು ಮೋಲಾರಾಮನ ಮೂಲ. ಈತ ಥಗ್ ಎಂದು ಚಿತ್ರ ಹೇಳುತ್ತದೆ. ಥಗ್ಗರನ್ನು 1830ರ ದಶಕದಲ್ಲಿ ಹಿಡಿಸಿ ಹೆಸರು ಮಾಡಿದವನು ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್. ಅವನ ಕಡತಗಳಲ್ಲಿ ಅವರು ದಾರಿಹೋಕರ ಕುತ್ತಿಗೆಗೆ ರುಮಾಲು ಬಿಗಿಯುವವರು. ಎದೆಗೆ ಕೈಹಾಕಿ ಹೃದಯ ತೆಗೆಯುವುದು ಮೆಕ್ಸಿಕೋದ ಆಜ್ಟೆಕರ ಕಡೆಯ ಸರಕು. ಭಾರತೀಯ ಖಳನಿಗೆ ಮೆಕ್ಸಿಕೋದಿಂದ ಆಮದು ಮಾಡುವ ಅಗತ್ಯವೇನಿತ್ತು ಎಂಬುದು ಸ್ವದೇಶಿ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ. ಚಿತ್ರಕಥೆ ಬರೆದ ವಿಲರ್ಡ್ ಹಯ್ಕ್, ಗ್ಲೋರಿಯಾ ಕಾಟ್ಜ್ ದಂಪತಿಗೆ ಈ ಕೆಲಸ ಸಿಗಲು ಅವರ ಭಾರತೀಯ ಸಂಸ್ಕೃತಿಯ ಒಲವೂ ಒಂದು ಕಾರಣವಂತೆ. ಒಲವಿಲ್ಲದವರಿಗೆ ಸಿಕ್ಕಿದ್ದರೆ ಊಟಕ್ಕೆ ಏನು ಬರುತ್ತಿತ್ತೋ.

ಥಗ್ಗರ ಕಥೆಯನ್ನು ವಿಲಾಯತಿಯ ಮನೆಮನೆಗೆ ಮುಟ್ಟಿಸಿದ್ದು 1839ರ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ. ಬರೆದವರು ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಅದೇ ಟೇಲರ್ ಮುಂದೆ 1840ರ ದಶಕದಲ್ಲಿ ನಮ್ಮ ಸುರಪುರಕ್ಕೆ ಬಂದು, ಬಾಲಕ ದೊರೆ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನ ನೋಡಿಕೊಂಡವರು. ಅವರ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಅಲ್ಲಿದೆ. ಆ ಕಾದಂಬರಿ ಬೆಳೆಸಿದ ಥಗ್ಗರ ಗೀಳು 1939ರ 'ಗಂಗಾ ದಿನ್' ಚಿತ್ರಕ್ಕೆ, ಆ ಚಿತ್ರ ಸ್ಪಿಲ್‌ಬರ್ಗ್‌ಗೆ. ಈ ಸರಪಳಿ ಹಿಡಿದು ಎಳೆದರೆ ಪಂಕೋಟದ ಪಾಪದಲ್ಲಿ ಯಾದಗಿರಿ ಜಿಲ್ಲೆಗೂ ಕಿಂಚಿತ್ ಪಾಲು ಸಿದ್ಧವಾಗುತ್ತದೆ. ಕಾದಂಬರಿ ಅಚ್ಚಾದದ್ದು ಟೇಲರ್ ಸುರಪುರಕ್ಕೆ ಬರುವ ಮುಂಚೆ ಎಂಬ ಸಣ್ಣ ತೊಡಕಿದೆ. ಸಂಶೋಧನೆಯಲ್ಲಿ ಇಂಥ ಸಣ್ಣಪುಟ್ಟವು ಇರತಕ್ಕವೇ.

ಚಿತ್ರೀಕರಣ ಭಾರತದಲ್ಲೇ, ರಾಜಸ್ಥಾನದ ಅಂಬೇರ್ ಕೋಟೆಯಲ್ಲಿ ಆಗಬೇಕಿತ್ತು. ಸರ್ಕಾರ ಕಥೆಯಲ್ಲಿ ತಿದ್ದುಪಡಿ ಕೇಳಿತು, ಚಿತ್ರತಂಡ ಶ್ರೀಲಂಕಾದ ಕ್ಯಾಂಡಿಗೆ ಗಂಟುಮೂಟೆ ಕಟ್ಟಿತು. ಹೀಗಾಗಿ ಉತ್ತರ ಭಾರತದ ಮಾಯಾಪುರದ ರೈತರು ಸಿಂಹಳ ಮಾತಾಡುತ್ತಾರೆ. ಊರ ಹಿರಿಯನಾದ ಸಿಂಹಳ ನಟ ಡಿ.ಆರ್. ನಾಣಾಯಕ್ಕರ ಅವರಿಗೆ ಇಂಗ್ಲಿಷ್ ಬಾರದು. ಸ್ಪಿಲ್‌ಬರ್ಗ್ ಕ್ಯಾಮೆರಾದಾಚೆ ನಿಂತು ಒಂದೊಂದೇ ಪದ ಹೇಳಿಕೊಟ್ಟರು, ಅವರು ಒಂದೊಂದೇ ಪದ ನುಡಿದರು. ನಡುನಡುವಿನ ಆ ಮೌನವನ್ನು ಪೌರ್ವಾತ್ಯ ಋಷಿಯ ಗಾಂಭೀರ್ಯವೆಂದು ಬಗೆದು ಧನ್ಯರಾದ ಅಭಿಮಾನಿಗಳ ಸಂಖ್ಯೆ ದೊಡ್ಡದು. ತಲೆಯ ಮೇಲೆ ಹಾರುವ ಬಾವಲಿಗಳನ್ನು ನಾಯಕ ರಕ್ತ ಹೀರುವ ಬಾವಲಿ ಎನ್ನುತ್ತಾನೆ. ರಕ್ತ ಹೀರುವವು ಇರುವುದು ಅಮೆರಿಕ ಖಂಡಗಳಲ್ಲಿ, ನಮ್ಮಲ್ಲಿರುವ ದೊಡ್ಡವು ಹಣ್ಣು ತಿನ್ನುವಂಥವು. ಬಾವಲಿಗಳ ಪರವಾಗಿ ಇದುವರೆಗೆ ಒಂದೂ ಖಂಡನಾ ಹೇಳಿಕೆ ಬಂದಿಲ್ಲ.

ಅಮರೀಶ್ ಪುರಿಯವರ ವಿಷಯ ಬಂದಾಗ ಕನ್ನಡ ಅಭಿಮಾನಿ ಸ್ವಲ್ಪ ಇಬ್ಬಂದಿಗೆ ಬೀಳುತ್ತಾನೆ. 1973ರಲ್ಲಿ ಗಿರೀಶ ಕಾರ್ನಾಡರ 'ಕಾಡು' ಚಿತ್ರದಲ್ಲಿ ಚಂದ್ರೇಗೌಡರಾಗಿದ್ದವರು ಅವರು. ನಮ್ಮ ಗೌಡರು ಹಾಲಿವುಡ್ಡಿಗೆ ಹೋದರೆಂಬ ಹೆಮ್ಮೆ ಒಂದು ಕಡೆ, ಹೋಗಿ ಏನು ಮಾಡಿದರು ನೋಡಿ ಎಂಬ ಸಂಕಟ ಇನ್ನೊಂದು ಕಡೆ. ಪುರಿಯವರು ತಮ್ಮ ಆತ್ಮಕಥೆಯಲ್ಲಿ ಚಿತ್ರವನ್ನು ಸಮರ್ಥಿಸಿಕೊಂಡಿದ್ದಾರೆ. ಈ ಪಾತ್ರಕ್ಕೆಂದು ಬೋಳಿಸಿದ ತಲೆಯನ್ನು ಹಾಗೆಯೇ ಇಟ್ಟುಕೊಂಡರು, ಆ ಬೋಳುತಲೆಯೇ ಮುಂದಿನ ಹಿಂದಿ ಖಳರಿಗೆಲ್ಲ ಬಂಡವಾಳವಾಯಿತು.

ಕೊನೆಯ ಅಧ್ಯಾಯ ತುಲನಾತ್ಮಕ ಅಧ್ಯಯನ. ಅದಕ್ಕಾಗಿ ಬೆಂಗಳೂರಿನ ಒಂದು ದರ್ಶಿನಿಯ ಮುಂದೆ, ಬೈ-ಟೂ ಕಾಫಿ ಹಿಡಿದಿದ್ದ ಇಬ್ಬರು ಆಹತವಾದಿಗಳ ಸಂವಾದವನ್ನು ದಾಖಲಿಸಿಕೊಳ್ಳಲಾಯಿತು.

'ಏನ್ ಮಗಾ ಅದು, ನಮ್ಮನ್ನೆಲ್ಲ ಕಾಡುಜನ ಅನ್ನೋ ಥರ ತೋರ್ಸಿದಾನೆ.'

'ನಮ್ಮ ಪಿಕ್ಚರಲ್ಲಿ ಹೀರೋನ ಕಂಬಕ್ಕೆ ಕಟ್ಟಿ, ತಲೆಗೆ ಗರಿ ಸಿಕ್ಕಿಸ್ಕೊಂಡು ಸುತ್ತ ಕುಣೀತಾರಲ್ಲ ಗುರು, ಅವ್ರು ಯಾರು?'

'ಅದು ಕಾಡುಜನ ಕಣೋ.'

'ಮತ್ತೆ ಆ ಸೇಠು? ಎಲ್ಲಾರ್ಗೂ ನಮ್ದುಕೆ ನಿಮ್ದುಕೆ ಅಂತ ಮಾತಾಡ್ತಾನಲ್ಲ?'

'ಅದು ಕಾಮಿಡಿ ಮಗಾ. ಕಾಮಿಡಿಗೂ ಬೇಜಾರ್ ಮಾಡ್ಕೊಂಡ್ರೆ ಹೆಂಗೆ?'

'ಹಿಂದಿ ಪಡೋಸನ್ ಪಿಕ್ಚರಲ್ಲಿ ಮೆಹಮೂದ್ ನಮ್ಮನ್ನ ಆಡ್ಕೊಂಡಿದ್ದು?'

'ಅದು ತಪ್ಪು. ಅದು ಮಾತ್ರ ತಪ್ಪು.'

ಮೇಲಿನ ಸಾಕ್ಷ್ಯದಿಂದ ಫಲಿಸುವ ಕೋಷ್ಟಕ ಸ್ವಯಂವೇದ್ಯ. ನಮ್ಮ ಹಳೆಯ ಸಾಹಸಚಿತ್ರಗಳ ಗೂರ್ಖ 'ಶಾಬ್' ಎಂದೇ ಸಾಯಬೇಕು, ಕಳ್ಳಸಾಗಣೆಯವನ ಬಂಟ ರಾಬರ್ಟನೇ ಆಗಬೇಕು, ಚಹಾದಂಗಡಿ ಮಲಯಾಳಿಯದೇ ಇರಬೇಕು, ಬುಡಕಟ್ಟಿನ ನಾಯಕನಿಗೆ ಮೂರಕ್ಷರಕ್ಕಿಂತ ಉದ್ದದ ಮಾತು ಇರಕೂಡದು, ಅವನ ಮಗಳು ಮಾತ್ರ ನಾಯಕನ ಜೊತೆ ಶುದ್ಧ ಕನ್ನಡದಲ್ಲಿ ಯುಗಳಗೀತೆ ಹಾಡಬೇಕು. ಇವು ಹಾಸ್ಯ ಮತ್ತು ಮನರಂಜನೆ ಎಂಬ ಶೀರ್ಷಿಕೆಯಡಿ ಬರುತ್ತವೆ. ಉತ್ತರದವರು ನಮಗೆ ಮಾಡಿದ್ದು, ಅಮೆರಿಕದವರು ಉತ್ತರದವರನ್ನೂ ಸೇರಿಸಿ ನಮಗೆ ಮಾಡಿದ್ದು, ಅವಹೇಳನ ಎಂಬ ಶೀರ್ಷಿಕೆಯಡಿ. ಗರಿ ಕಟ್ಟಿ ಕುಣಿಸಲ್ಪಟ್ಟ ಸೋಲಿಗರೋ ಜೇನುಕುರುಬರೋ ಕಾಫಿಯ ಆ ಸಂವಾದದಲ್ಲಿ ಭಾಗವಹಿಸಿರಲಿಲ್ಲವಾದ್ದರಿಂದ ಅವರ ಪಂಥ ಯಾವುದೆಂದು ದಾಖಲಿಸಲಾಗಿಲ್ಲ.

ಮುಂದಿನ ಸಂಶೋಧಕರಿಗೆ ಒಂದು ವಿಷಯ ಬಿಟ್ಟುಕೊಡಬೇಕಿದೆ. ಚಿತ್ರದ ಕೊನೆಗೆ ಮೋಲಾರಾಮ ಮೊಸಳೆಗಳ ಪಾಲಾಗುತ್ತಾನೆ, ಗಣಿಯಲ್ಲಿದ್ದ ಮಕ್ಕಳು ಊರಿಗೆ ಮರಳುತ್ತಾರೆ, ಮಂಕು ಕವಿದಿದ್ದ ಬಾಲಮಹಾರಾಜನಿಗೂ ಎಚ್ಚರ ಬರುತ್ತದೆ. ಆದರೆ ಅರಮನೆಯ ಬಾಣಸಿಗ ಏನಾದ? ಅವನನ್ನು ಯಾರೂ ಹಿಡಿಯಲಿಲ್ಲ, ಅವನಿಗೂ ಮಂಕು ಕವಿದಿತ್ತೋ ಅಥವಾ ಕಸುಬೇ ಹಾಗೋ ಎಂದು ಯಾವ ಪಂಥವೂ ವಿಚಾರಿಸಲಿಲ್ಲ. ಮರುದಿನ ಬೆಳಗ್ಗೆ ಆ ಹುಡುಗನಿಗೆ ಹಸಿವಾಗಿರುತ್ತದೆ. ಅಡುಗೆಮನೆಯಲ್ಲಿ ಅದೇ ಮನುಷ್ಯ ಇದ್ದಾನೆ, ಮತ್ತು ಹಿಂದಿನ ರಾತ್ರಿಯ ಜೀರುಂಡೆ ಸಾಕಷ್ಟು ಉಳಿದಿದೆ.