ನಮ್ಮ ಕೊಳೆಯ ಗೋತ್ರವೇ ಬೇರೆ

ಡಲ್ಲಾಸ್ ಕಡೆಯ ಯಾವುದೇ ದೊಡ್ಡ ಅಂಗಡಿಗೆ ಹೋಗಿ ನೋಡಿ, ಮನೆ ತೊಳೆಯುವ ಸಾಮಾನಿಗೇ ಒಂದು ಇಡೀ ಓಣಿ ಇರುತ್ತೆ. ಗಾಜಿಗೊಂದು ನೀಲಿ ನೀರು, ಗ್ರಾನೈಟಿಗೊಂದು, ಸ್ಟೀಲಿಗೊಂದು, ಮರದ ನೆಲಕ್ಕೊಂದು, ಕಮೋಡಿಗೆ ಕತ್ತು ಕೊಂಕಿಸಿದ ಬಾಟಲಿ, ನಾಯಿ ಉಚ್ಚೆ ಹೊಯ್ದ ಕಾರ್ಪೆಟ್ಟಿಗಂತೂ ಒಂದು ಪ್ರತ್ಯೇಕ ಕಪಾಟು. ಆದರೆ ಓಣಿಯನ್ನು ಈ ತುದಿಯಿಂದ ಆ ತುದಿಗೆ ಜಾಲಾಡಿದರೂ ಒಗ್ಗರಣೆಯ ಜಿಡ್ಡಿಗೆ, ಅರಿಶಿನದ ಕಲೆಗೆ, ಉಕ್ಕಿ ಸುರಿದು ಕರಕಲಾದ ಹುಳಿಗೆ ಅಂತ ಮಾಡಿದ ಒಂದು ಬಾಟಲಿ ಸಿಕ್ಕುವುದಿಲ್ಲ. ಆ ಕಂಪನಿಗಳ ಲೆಕ್ಕದಲ್ಲಿ ಕಲೆ ಅಂದರೆ ಕೆಂಪು ವೈನು, ಹುಲ್ಲು, ಕೆಚಪ್ಪು. ನಮ್ಮ ಕೊಳೆಯ ಗೋತ್ರವೇ ಬೇರೆ. ಅದಕ್ಕೆ ಮದ್ದೂ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇರಬೇಕು ಅನ್ನುವುದು ನಮ್ಮತ್ತೆಯ ಸಿದ್ಧಾಂತ. ಹಾಸನದಿಂದ ಆರು ತಿಂಗಳಿಗೆ ಅಂತ ಬಂದಾಗಲೆಲ್ಲ ಅದನ್ನು ಸಾಧಿಸಿ ತೋರಿಸಿಯೇ ಹಿಂತಿರುಗುತ್ತಾರೆ.

ಮೊದಲ ಸಲ ಬಂದಾಗ ಅವರು ಕೇಳಿದ್ದು ಬೂದಿ. “ನಡುಮನೆಯಲ್ಲಿ ಅಷ್ಟು ದೊಡ್ಡ ಒಲೆ ಇಟ್ಕೊಂಡಿದೀರಲ್ಲ, ಅದರ ಬೂದಿ ಎಲ್ಲಿ ಹಾಕ್ತೀಯೇ?” ಅದು ಒಲೆಯಲ್ಲ, ಫೈರ್‌ಪ್ಲೇಸು. ಗುಂಡಿ ಒತ್ತಿದರೆ ಗ್ಯಾಸ್ ಹತ್ತಿಕೊಂಡು ಉರಿಯುತ್ತೆ, ಒಳಗೆ ಜೋಡಿಸಿರುವ ಸೌದೆ ಪಿಂಗಾಣಿಯದು. ಅತ್ತೆ ಬಗ್ಗಿ ಒಂದು ಕೊರಡನ್ನು ಬೆರಳಿನಿಂದ ತಟ್ಟಿ ನೋಡಿದರು. “ಸೌದೆಯೂ ಸುಳ್ಳೇ?” ಅಂದರು. ಅಮೆರಿಕದ ಬಗ್ಗೆ ಅವರ ಅಭಿಪ್ರಾಯ ಆವತ್ತೇ ಗಟ್ಟಿಯಾಯಿತು, ಇವತ್ತಿಗೂ ಬದಲಾಗಿಲ್ಲ.

ಬೂದಿಯ ಕ್ಷಾರ ಪಾತ್ರೆಯ ಜಿಡ್ಡಿನ ಜೊತೆ ಸೇರಿ ಅಲ್ಲೇ ಚೂರು ಸೋಪಾಗುತ್ತೆ, ಅಜ್ಜಿಯರ ಕಾಲದ ಪಾತ್ರೆಗಳು ಫಳಫಳ ಅನ್ನುತ್ತಿದ್ದುದು ಹಾಗೆ. ಇಲ್ಲಿ ಆ ಜಾಗಕ್ಕೆ ಅಡುಗೆ ಸೋಡಾ ಬಂದಿದೆ. ಅಮೆರಿಕದ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಒಲೆಯ ನೆತ್ತಿಯ ಮೇಲೇ ಮೈಕ್ರೊವೇವ್ ಕೂತಿರುತ್ತೆ, ಅದರ ಹೊಟ್ಟೆಯಲ್ಲಿ ಒಂದು ಫ್ಯಾನು. ಎಷ್ಟೋ ಮನೆಗಳಲ್ಲಿ ಆ ಫ್ಯಾನು ಕೆಳಗಿನಿಂದ ಹೊಗೆ ಎಳೆದುಕೊಂಡು ಹೊರಗೆ ಕಳಿಸುವುದಿಲ್ಲ, ಮೇಲಿನ ಕಿಂಡಿಯಿಂದ ನೇರ ಅಡುಗೆ ಮಾಡುವವರ ಮುಖಕ್ಕೇ ಊದುತ್ತೆ. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು, ಮನೆಯವರೆಲ್ಲ ಕೆಮ್ಮಿದರು, ಹೊಗೆಯ ಅಲಾರಂ ಕೂಗಿಕೊಂಡಿತು, ನಮ್ಮವರು ಟವೆಲ್ ತಗೊಂಡು ಅದರ ಕೆಳಗೆ ಬೀಸತೊಡಗಿದರು. ಇಷ್ಟಾದರೆ ನಮ್ಮನೆಯಲ್ಲಿ ಊಟ ರೆಡಿ ಅಂತ ಅರ್ಥ. ಜಿಡ್ಡೆಲ್ಲ ಹೋಗಿ ಕೂರುವುದು ಫ್ಯಾನಿನ ಜಾಲರಿಯಲ್ಲಿ. ಬಿಸಿನೀರಿಗೆ ನಾಲ್ಕು ಚಮಚ ಸೋಡಾ, ಒಂದಿಷ್ಟು ಪಾತ್ರೆ ಸೋಪು ಕದಡಿ ಜಾಲರಿಯನ್ನು ಸ್ವಲ್ಪ ಹೊತ್ತು ಮುಳುಗಿಸಿಡಿ. ನೀರಿನ ಬಣ್ಣ ನೋಡಿದರೆ ಎರಡು ದಿನ ಬೋಂಡ ತಿನ್ನಲು ಮನಸ್ಸಾಗುವುದಿಲ್ಲ.

ಮೈಕ್ರೊವೇವಿನ ಒಳಗಡೆಗೆ ಸುಲಭದ ಉಪಾಯ: ಒಂದು ಬೋಗುಣಿ ನೀರಿಗೆ ಹಿಂಡಿದ ನಿಂಬೆ ಹೋಳು ಹಾಕಿ, ಹಬೆಯಾಡುವ ತನಕ ಕಾಯಿಸಿ, ಬಾಗಿಲು ತೆಗೆಯದೆ ಐದು ನಿಮಿಷ ಬಿಟ್ಟು ಒರೆಸುವುದು. ಚಿತ್ರಾನ್ನ ಮಾಡಿದ ದಿನವೇ ಇದನ್ನೂ ಮುಗಿಸಿದರೆ ನಿಂಬೆಹಣ್ಣಿಗೆ ಮೋಕ್ಷ.

ಸೋಡಾದ ಡಬ್ಬಿಯನ್ನು ಬಾಯಿ ತೆರೆದು ಫ್ರಿಜ್ಜಿನಲ್ಲಿಟ್ಟರೆ ವಾಸನೆ ಹೀರುತ್ತೆ ಅನ್ನುವುದು ಇಲ್ಲಿನವರ ಗಾಢ ನಂಬಿಕೆ. ಹುಳಿ ಬಂದ ಮೊಸರಿನ ವಾಸನೆಗೆ ಇರಬಹುದು. ನಮ್ಮ ಫ್ರಿಜ್ಜಿನಲ್ಲಿ ಅದು ಇಂಗು ತಿಂದ ಮಂಗನ ಹಾಗೆ ಮೂಲೆಯಲ್ಲಿ ಕೂತಿತ್ತು. ಇಂಗಿಗಿರುವ ಮದ್ದು ಒಂದೇ. ಡಬ್ಬಿಯನ್ನು ಗಾಜಿನ ಸೀಸೆಯೊಳಗಿಟ್ಟು, ಸೀಸೆಗೆ ಬಿಗಿಯಾಗಿ ಮುಚ್ಚಳ ಹಾಕಿ, ಫ್ರಿಜ್ಜಿನಿಂದ ಆಚೆ ಹಾಕುವುದು.

ಇನ್ನು ವಿನೆಗರ್. ಸೋಡಾ ಉದುರಿಸಿ ಅದರ ಮೇಲೆ ವಿನೆಗರ್ ಸುರಿದು, ಬುಸ್ಸೆಂದು ನೊರೆ ಎದ್ದಾಗ “ನೋಡು ಹೇಗೆ ಕೆಲಸ ಮಾಡ್ತಿದೆ” ಅಂತ ಸಿಂಕಿನ ಮುಂದೆ ಎದೆಯುಬ್ಬಿಸಿ ನಿಲ್ಲುವ ಗಂಡಸರು ಪ್ರತಿ ಕನ್ನಡ ಕೂಟದಲ್ಲೂ ಇದ್ದಾರೆ, ಬಹುಪಾಲು ಎಂಜಿನಿಯರುಗಳು. ಒಂದು ಆಮ್ಲ, ಇನ್ನೊಂದು ಕ್ಷಾರ. ಜಗಳವಾಡಿ ಎರಡೂ ಸುಸ್ತಾದ ಮೇಲೆ ಉಳಿಯುವುದು ಬರೀ ಉಪ್ಪುಪ್ಪು ನೀರು. ಬೇರೆ ಬೇರೆಯಾಗಿ ಬಳಸಿದರೆ ಮಾತ್ರ ಎರಡಕ್ಕೂ ಬೆಲೆ. ಷವರಿನ ಬಾಯಿಗೆ ಕಟ್ಟಿದ ಗಡಸು ನೀರಿನ ಬಿಳಿ ಪೊರೆಗೆ ವಿನೆಗರ್ ಸಾಕು. ಪ್ಲಾಸ್ಟಿಕ್ ಚೀಲಕ್ಕೆ ಅದನ್ನು ಸುರಿದು, ಕೊತ್ತಂಬರಿ ಕಟ್ಟಿನ ಜೊತೆ ಬಂದ ರಬ್ಬರ್ ಬ್ಯಾಂಡಿನಿಂದ ಷವರಿನ ಮೂತಿಗೆ ಕಟ್ಟಿ ರಾತ್ರಿಯಿಡೀ ಬಿಡಿ. ಅಮೃತಶಿಲೆಯ ಕಟ್ಟೆಗೆ ಮಾತ್ರ ತಾಗಿಸಬೇಡಿ, ಕಲ್ಲು ಮಂಕಾಗುತ್ತೆ. ಇಷ್ಟು ಹೊತ್ತಿನ ತಮಾಷೆ ಪಕ್ಕಕ್ಕಿಟ್ಟು ಒಂದು ಮಾತು: ಬ್ಲೀಚಿಗೆ ವಿನೆಗರನ್ನಾಗಲಿ ಅಮೋನಿಯಾ ಇರುವ ಗಾಜಿನ ನೀರನ್ನಾಗಲಿ ಎಂದೂ ಬೆರೆಸಬೇಡಿ. ಏಳುವುದು ವಿಷಾನಿಲ.

ಅರಿಶಿನದ್ದೇ ಒಂದು ಪುರಾಣ. ಮಗಳ ಬಿಳಿ ಟೀ ಶರ್ಟಿನ ಎದೆಯ ಮೇಲೆ ಬಿಸಿಬೇಳೆ ಬಾತಿನ ಹಳದಿ. ಡಿಟರ್ಜೆಂಟ್ ಹಚ್ಚಿ ಉಜ್ಜಿದರೆ ಹಳದಿ ಹೋಗಿ ರಕ್ತಗೆಂಪಾಯಿತು. ಮಗಳು ಕಿಟ್ಟನೆ ಕಿರುಚಿದಳು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, “ಇದು ಆರತಿ ನೀರು ಕಣೇ, ಯಾಕೆ ಅಷ್ಟು ಗಾಬರಿ?” ಅಂದರು. ನಿಜವೇ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತೆ ಅಂತ ಮದುಮಕ್ಕಳಿಗೆ ಆರತಿ ಎತ್ತಿದವರಿಗೆಲ್ಲ ಗೊತ್ತು. ಮನೆಯಲ್ಲಿ ಕುಂಕುಮ ಮಾಡುವ ಗುಟ್ಟೂ ಅದೇ. ಡಿಟರ್ಜೆಂಟು ಸುಣ್ಣದ ದಾಯಾದಿ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅಜ್ಜಿ ಮೊಮ್ಮಗಳು ಸೇರಿ ಅಂಗಿಯನ್ನು ಕೆಂಪು ಹಳದಿ, ಕೆಂಪು ಹಳದಿ ಮಾಡುತ್ತಾ ಒಂದು ಮಧ್ಯಾಹ್ನ ಕಳೆದರು. ಕನ್ನಡ ಬಾವುಟದ ಎರಡೂ ಬಣ್ಣ ಬಂತೇ ಹೊರತು ಕಲೆ ಹೋಗಲಿಲ್ಲ.

ಅರಿಶಿನದ ಬಣ್ಣ ಅಂದರೆ ಕರ್ಕ್ಯುಮಿನ್, ಅದು ಹೆದರುವುದು ಬಿಸಿಲಿಗೆ. ಬೆಳಕು ತಾಗುತ್ತಿದ್ದರೆ ಒಡೆದು ಬಣ್ಣಗೆಡುತ್ತೆ. ಟೆಕ್ಸಾಸಿನಲ್ಲಿ ಬಿಸಿಲಿಗೆ ಬರವೇ? ಆಗಸ್ಟಿನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ನಮ್ಮ ಬಡಾವಣೆಯ ಸಂಘದ ನಿಯಮದ ಪ್ರಕಾರ ಹೊರಗೆ ಬಟ್ಟೆ ಹರವಿದರೆ ಮನೆಗಳ ಅಂದ ಕೆಡುತ್ತೆ. ಕ್ಯಾಲಿಫೋರ್ನಿಯಾದವರ ಪುಣ್ಯ, ಅಲ್ಲಿ 2016ರಿಂದ ಸ್ವಂತ ಹಿತ್ತಲಲ್ಲಿ ಹಗ್ಗ ಕಟ್ಟಿಕೊಳ್ಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಸೂರ್ಯ ಇದ್ದೂ ಇಲ್ಲದ ನಾಡಿನಲ್ಲಿ ಅತ್ತೆ ದಾರಿ ಕಂಡುಕೊಂಡರು. ಒದ್ದೆ ಅಂಗಿಯನ್ನು ನಮ್ಮವರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿಗೆ ಮುಖ ಮಾಡಿ ಹರವಿದರು. ಕಾರಿಗೆ ಸಂಘದ ನಿಯಮ ಇಲ್ಲ. ಸಂಜೆಗೆ ಕಲೆ ಮಾಸಿತ್ತು, ಮಾರನೇ ದಿನಕ್ಕೆ ಮಾಯ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾರಿನ ಬಿಸಿಲಿನ ರುಚಿ ಹತ್ತಿದ ಅತ್ತೆ ಅಲ್ಲಿ ಬಾಳಕದ ಮೆಣಸಿನಕಾಯಿ ಒಣಗಿಸಲು ಶುರುಮಾಡಿದರು. ಉಪ್ಪು ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿ, ಕಿಟಕಿ ಮುಚ್ಚಿದ ಕಾರು, ಟೆಕ್ಸಾಸಿನ ಮಧ್ಯಾಹ್ನ. “ಅಮ್ಮ, ನಾನು ಇದರಲ್ಲಿ ಆಫೀಸಿಗೆ ಹೋಗಬೇಕಮ್ಮಾ” ಅಂತ ನಮ್ಮವರು ಗೋಗರೆದರೆ, “ಮೊಸರನ್ನದ ಜೊತೆ ಕರಿದು ಹಾಕಿದಾಗ ಈ ಮಾತು ಹೇಳು ನೋಡೋಣ” ಅಂತ ಬಾಯಿ ಮುಚ್ಚಿಸಿದರು.

ನವರಾತ್ರಿಗೆ ಹಿತ್ತಾಳೆ ದೀಪ ಬೆಳಗುವಾಗ ಇನ್ನೊಂದು ರಾದ್ಧಾಂತ. ಹುಣಸೆಹಣ್ಣು ಮುಗಿದಿತ್ತು. ಹಿತ್ತಾಳೆ, ತಾಮ್ರಕ್ಕೆ ಅಮೆರಿಕನ್ನರು ಕೆಚಪ್ ಹಚ್ಚುತ್ತಾರೆ ಅಂದೆ. ಟೊಮೇಟೊ ಹುಳಿ, ವಿನೆಗರ್, ಉಪ್ಪು ಮೂರೂ ಅದರಲ್ಲಿದ್ದು ಕಿಲುಬು ಬಿಡುತ್ತೆ ಅನ್ನುವುದು ಸುಳ್ಳಲ್ಲ. ಅತ್ತೆ ಒಪ್ಪುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ಮಗಳು ಬಾಟಲಿಯ ಹಿಂದಿನ ಚೀಟಿ ಓದಿ, “ಅಜ್ಜಿ, ಇದರಲ್ಲಿ ಈರುಳ್ಳಿ ಪುಡಿ ಇದೆ!” ಅಂದುಬಿಟ್ಟಳು. ದೇವರ ದೀಪಕ್ಕೆ ಈರುಳ್ಳಿಯೇ! ರಾತ್ರಿ ಎಂಟಕ್ಕೆ ನಮ್ಮವರು ಹುಣಸೆಹಣ್ಣು ತರಲು ಇಂಡಿಯನ್ ಅಂಗಡಿಗೆ ಹೊರಟರು. ಕಾರಿನಲ್ಲಿ ಇನ್ನೂ ಮಜ್ಜಿಗೆ ವಾಸನೆ.

ಸಾಮಾನು ಜೋಡಿಸಿಡುವ ವಿಷಯಕ್ಕೆ ಬಂದರೆ, 2019ರಲ್ಲಿ ಮಾರಿ ಕೊಂಡೊ ಅವರ ನೆಟ್‌ಫ್ಲಿಕ್ಸ್ ಸರಣಿ ಬಂದಾಗ ನಾನೂ ಹುರುಪಿನಿಂದ ಕಪಾಟು ಖಾಲಿ ಮಾಡಿದ್ದೆ. ಕೈಗೆತ್ತಿಕೊಂಡಾಗ ಖುಷಿ ಕೊಡದ ವಸ್ತುವನ್ನು ಬೀಳ್ಕೊಡಬೇಕು ಅಂತ ಅತ್ತೆಗೆ ವಿವರಿಸಿದೆ. ಅವರು ಎರಡು ಪೌಂಡಿನ ಖಾಲಿ ಮೊಸರು ಡಬ್ಬಿಯನ್ನು ಎತ್ತಿ ಹಿಡಿದು, “ನನಗೆ ಇದು ಖುಷಿ ಕೊಡುತ್ತಪ್ಪ” ಅಂದು ವಾಪಸ್ ಇಟ್ಟರು. ಚರ್ಚೆ ಮುಗಿಯಿತು.

ನಮ್ಮ ಮನೆಗಳಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಸಂಬಂಧವಿಲ್ಲ. ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಸೂಜಿದಾರ. ಐಸ್‌ಕ್ರೀಮ್ ಡಬ್ಬಿಯಲ್ಲಿ ಗೊಜ್ಜು. ಮಧ್ಯರಾತ್ರಿ ಕದ್ದು ಐಸ್‌ಕ್ರೀಮ್ ತಿನ್ನಹೋಗಿ ಚಮಚ ತುಂಬ ಹಾಗಲಕಾಯಿ ಗೊಜ್ಜು ಬಾಯಿಗಿಟ್ಟುಕೊಂಡವರ ಹೆಸರು ಹೇಳುವುದು ಬೇಡ, ಅವರು ನಮ್ಮವರೇ. ಪರಿಹಾರ ಸರಳ: ಕಾಗದದ ಟೇಪು, ಒಂದು ಮಾರ್ಕರ್ ಪೆನ್ನು, ಪದಾರ್ಥದ ಹೆಸರು, ಮಾಡಿದ ತಾರೀಖು. ಬಿಸಿ ಹುಳಿಯನ್ನು ಆ ಪ್ಲಾಸ್ಟಿಕ್ಕಿಗೆ ಸುರಿಯಬೇಡಿ, ಡಬ್ಬಿ ಸೊಟ್ಟಗಾಗುತ್ತೆ, ಅರಿಶಿನ ಹೀರಿ ಹಳದಿಯಾಗುತ್ತೆ. ನಾನು ಟೇಪಿನ ಮೇಲೆ ಕನ್ನಡದಲ್ಲೇ ಬರೆಯುತ್ತಿದ್ದೆ, ಮಗಳಿಗೆ ಓದಲು ಬಾರದು, ಕೋಡುಬಳೆ ಒಂದು ವಾರವಾದರೂ ಉಳಿಯುತ್ತೆ ಅನ್ನುವ ದುರಾಲೋಚನೆಯಿಂದ. ಭಾನುವಾರದ ಕನ್ನಡ ತರಗತಿಯಲ್ಲಿ ವರ್ಷಗಟ್ಟಲೆ ಒತ್ತಕ್ಷರಕ್ಕೆ ತಿಣುಕಿದ ಹುಡುಗಿ ಒಂದೇ ಬೇಸಿಗೆಯಲ್ಲಿ ಚಕ್ಕುಲಿ, ನಿಪ್ಪಟ್ಟು, ಕಜ್ಜಾಯ ಎಲ್ಲ ಓದತೊಡಗಿದಳು. ಈಗ ಚಕ್ಕುಲಿ ಡಬ್ಬಿಯ ಮೇಲೆ “ಮೆಂತ್ಯದ ಹಿಟ್ಟು” ಅಂತ ಬರೆಯುತ್ತೇನೆ.

ಹೇಳಬೇಕಾದ್ದು ಇನ್ನೊಂದಿದೆ. ಯುಗಾದಿ ಪಾಟ್‌ಲಕ್ಕಿನ ರಾತ್ರಿ ನಮ್ಮ ಮನೆಯಿಂದ ಒಬ್ಬಟ್ಟಿನ ಸಾರು ತುಂಬಿಸಿಕೊಂಡು ಹೋದವರು ದಯವಿಟ್ಟು ಆ ಮೊಸರು ಡಬ್ಬಿಗಳನ್ನು ಹಿಂತಿರುಗಿಸಿ. ಅತ್ತೆ ಎಣಿಸಿಟ್ಟಿದ್ದಾರೆ. ಪದ್ಧತಿ ಗೊತ್ತಲ್ಲ, ಖಾಲಿ ಡಬ್ಬಿ ಕೊಡಬಾರದು.