ಪಾರ್ಸೆಲ್ ದೊಡ್ಡಮ್ಮ

ದೀಪಾವಳಿಯ ಪಟಾಕಿ ಕಸ ಬೀದಿಯಲ್ಲಿ ಇನ್ನೂ ಬಿದ್ದಿರುವಾಗಲೇ ನಮ್ಮ ದೊಡ್ಡಮ್ಮನಿಗೆ ಸಂಕ್ರಾಂತಿ ಶುರು. ಮೈಸೂರಿನ ಅಗ್ರಹಾರದ ಮನೆಯಿಂದ ನ್ಯೂಜೆರ್ಸಿಯ ಮಗನ ಮನೆಗೆ ಸಕ್ಕರೆ ಅಚ್ಚು ಹೋಗಬೇಕು. ಹಬ್ಬಕ್ಕೆ ಮೊದಲು ತಲುಪಬೇಕು. ಅದಕ್ಕಿಂತ ಮುಖ್ಯವಾಗಿ ಆನೆಯ ಸೊಂಡಿಲು ಮುರಿಯದೆ ತಲುಪಬೇಕು.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳು ಬುಡಮೇಲಾಗಿ ಮಲಗಿರುತ್ತವೆ. ಯಾರ ಮನೆಗಾದರೂ ಹೊಸ ಟಿ.ವಿ. ಬಂದರೆ ಎಷ್ಟು ಇಂಚು, ಎಷ್ಟು ರೂಪಾಯಿ ಎಂದು ಕೇಳುವ ಗೊಡವೆಗೆ ಹೋಗುವುದಿಲ್ಲ. ‘ಥರ್ಮಾಕೋಲ್ ಎಸೀಬೇಡಿ’ ಎನ್ನುತ್ತಾರೆ. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಕೊಟ್ಟರೆ ತೆಂಗಿನಕಾಯಿಗಿಂತ ಚೀಲದ ಹೊಲಿಗೆಯನ್ನೇ ಮೊದಲು ಎಳೆದು ನೋಡುತ್ತಾರೆ.

ಅಚ್ಚು ಹೊಯ್ಯುವ ದಿನ ಆ ಮನೆಯಲ್ಲಿ ಯಾರೂ ಮಾತಾಡಕೂಡದು. ಮರದ ಅಚ್ಚುಗಳು ನೀರಿನಲ್ಲಿ ನೆನೆದಿರುತ್ತವೆ. ಅವನ್ನು ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ಸಕ್ಕರೆ ಕುದಿಯುವಾಗ ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಒಂದೊಂದೇ ಬಟ್ಟಲಿನಷ್ಟು ಪಾಕವನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಬೆಳ್ಳಗೆ ತಿರುಗುವವರೆಗೆ ತಿರುವಬೇಕು. ಬೆಳ್ಳಗಾದ ಆ ಗಳಿಗೆ ಇದೆಯಲ್ಲ, ಅದು ರೈಲಿನಂತೆ, ಕಾಯುವುದಿಲ್ಲ. ಹೊಯ್ಯುವುದು ಒಂದು ಉಸಿರು ತಡವಾದರೆ ಪಾತ್ರೆಯೇ ಅಚ್ಚಾಗಿ ಕೂರುತ್ತದೆ. ಹೋದ ಸಲ ಆ ಹೊತ್ತಿಗೇ ನ್ಯೂಜೆರ್ಸಿಯಿಂದ ಫೋನು ಬಂತು. ಯಾರಿಗಾಗಿ ಇದೆಲ್ಲ ನಡೆಯುತ್ತಿತ್ತೋ ಅವನದೇ ಫೋನು. ‘ತೆಗೀಬೇಡ, ಪಾಕ ಬಂದಿದೆ’ ಎಂದರು ದೊಡ್ಡಮ್ಮ.

ಹತ್ತು ನಿಮಿಷ ಬಿಟ್ಟು ಅಚ್ಚು ಬಿಡಿಸಿದರೆ ಗಿಣಿ, ಮೀನು, ಗೋಪುರ, ತುಳಸಿಕಟ್ಟೆ. ಆನೆ ಬಂದಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಸೊಂಡಿಲು ಉಳಿದವು ನ್ಯೂಜೆರ್ಸಿಗೆ, ಮುರಿದವು ನಮಗೆ. ನಾನು ಹುಟ್ಟಿದಾಗಿನಿಂದ ಸೊಂಡಿಲಿರುವ ಆನೆ ತಿಂದವನೇ ಅಲ್ಲ.

ಆದರೆ ಇದಿಷ್ಟೂ ಬರಿಯ ಪೀಠಿಕೆ. ದೊಡ್ಡಮ್ಮನ ನಿಜವಾದ ಕಲೆ ಕಾಣಿಸುವುದು ಕಟ್ಟುವಾಗ. ಹಿಂದೆ ಅವರ ಅತ್ತೆ ದೆಹಲಿಯ ಮಗನಿಗೆ ಬಿಳಿ ಬಟ್ಟೆಯಲ್ಲಿ ಡಬ್ಬಿ ಸುತ್ತಿ, ದಬ್ಬಳದಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರಂತೆ. ಆ ವಂಶದ ಕೈಗೆ ಈಗ ಕಂದು ಟೇಪು ಸಿಕ್ಕಿದೆ. ಒಂದೊಂದು ಅಚ್ಚಿಗೂ ಮೊದಲು ಬಟರ್ ಪೇಪರ್, ಮೇಲೆ ಹಳೆಯ ಪಂಚೆಯ ಚೂರು, ಸುತ್ತ ಕಡ್ಲೆಪುರಿ. ‘ಪುರಿ ಮೆತ್ತಗಿರತ್ತೆ, ಭಾರ ಇಲ್ಲ, ಅಲ್ಲಿ ಹೋದಮೇಲೆ ಒಗ್ಗರಣೆ ಹಾಕ್ಕೊಂಡು ತಿನ್ನಬಹುದು’ ಎನ್ನುವ ತರ್ಕಕ್ಕೆ ಪ್ಯಾಕಿಂಗ್ ಕಂಪನಿಗಳೂ ತಲೆಬಾಗಬೇಕು. ಡಬ್ಬಿಗೆ ಟೇಪು, ಡಬ್ಬಿಯಿಟ್ಟ ಪೆಟ್ಟಿಗೆಗೆ ಟೇಪು, ಆ ಪೆಟ್ಟಿಗೆಯಿಟ್ಟ ಪೆಟ್ಟಿಗೆಗೂ ಟೇಪು.

2025ರ ಆಗಸ್ಟ್‌ನಲ್ಲಿ ಅಮೆರಿಕದ ಸುಂಕದ ನಿಯಮ ಬದಲಾಗಿ, ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ಕೆಲಕಾಲ ನಿಲ್ಲಿಸಿತಲ್ಲ, ಆಗ ರಫ್ತುದಾರರಿಗಿಂತ ಹೆಚ್ಚು ಕಂಗಾಲಾದವರು ಇವರು. ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತೆಂಬ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರೆ. ಅಮೆರಿಕಕ್ಕೆ ತಿಂಡಿ ಕಳಿಸುವವರು ಅಲ್ಲಿನ ಆಹಾರ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು, ಆದರೆ ಮನೆಯಲ್ಲಿ ಕೈಯಾರೆ ಮಾಡಿ ಉಡುಗೊರೆಯಾಗಿ ಕಳಿಸಿದರೆ ಬೇಡ ಎಂಬುದೂ ಅವರಿಗೆ ಬಾಯಿಪಾಠ. ತಾಜಾ ಹಣ್ಣು, ಕಬ್ಬು ಕಳಿಸುವ ಹಾಗಿಲ್ಲ ಎಂಬುದೊಂದನ್ನು ಮಾತ್ರ ಅವರು ಇಂದಿಗೂ ಕ್ಷಮಿಸಿಲ್ಲ. ‘ಕಬ್ಬಿಲ್ಲದೆ ಎಳ್ಳು ಬೀರೋದು ಹೇಗೆ? ಅವರ ಸರ್ಕಾರಕ್ಕೆ ಹೆಣ್ಣುಮಕ್ಕಳಿಲ್ವಾ?’

ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಫಾರಂ ತುಂಬುವಾಗ ಒಳಗೇನಿದೆ ಎಂದು ಕೇಳಿದರು. ‘ಆನೆ ಆರು, ಗಿಣಿ ನಾಲ್ಕು’ ಎಂದರು ದೊಡ್ಡಮ್ಮ. ಗುಮಾಸ್ತರು ಪೆನ್ನು ಕೆಳಗಿಟ್ಟರು. ನಾನು ಮಧ್ಯೆ ಬಾಯಿಹಾಕಿ ‘ಶುಗರ್ ಕ್ಯಾಂಡಿ ಅಂತ ಬರೀರಿ ಸಾರ್’ ಎಂದೆ. ಮನೆಗೆ ಬರುವವರೆಗೆ ದೊಡ್ಡಮ್ಮ ನನ್ನೊಡನೆ ಮಾತಾಡಲಿಲ್ಲ. ಅಷ್ಟು ಕಷ್ಟಪಟ್ಟು ಸೊಂಡಿಲು ಉಳಿಸಿದ ಆನೆಗಳನ್ನು ಕ್ಯಾಂಡಿ ಅಂದುಬಿಟ್ಟೆನಂತೆ.

ಒಂದು ವರ್ಷ ಅವಸರಕ್ಕೆಂದು ಕೊರಿಯರ್ ಅಂಗಡಿಗೂ ಹೋಗಿದ್ದೆವು. ತಕ್ಕಡಿಯಲ್ಲಿ ಎರಡು ಕೆ.ಜಿ. ತೋರಿಸಿದ ಪೆಟ್ಟಿಗೆಗೆ ಆ ಹುಡುಗ ಟೇಪು ಹಿಡಿದು ಅಳತೆ ಮಾಡಿದ: 40, 30, 30 ಸೆಂಟಿಮೀಟರ್. ಗುಣಿಸಿ 5000ದಿಂದ ಭಾಗಿಸಿ, 7.2 ಕೆ.ಜಿ. ಎಂದ. ತೂಕಕ್ಕಿಂತ ಗಾತ್ರ ಹೆಚ್ಚಿದ್ದರೆ ಜಾಗದ ಲೆಕ್ಕವಂತೆ.

‘ಗಾಳಿಗೂ ದುಡ್ಡೇನೋ?’

‘ರೂಲ್ಸು ಆಂಟಿ.’

ದೊಡ್ಡಮ್ಮ ಚೀಲದಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದು, ‘ತಿಂದು ಒಳ್ಳೆ ಮಾತಾಡಪ್ಪ’ ಎಂದು ಕೊಟ್ಟರು. ಹುಡುಗ ತಿಂದ. ಒಳ್ಳೆಯ ಮಾತನ್ನೇ ಆಡಿದ. ಬಿಲ್ಲು ಮಾತ್ರ 7.2ರಲ್ಲೇ ನಿಂತಿತು.

ಪೆಟ್ಟಿಗೆ ಮನೆಗೆ ವಾಪಸು ಬಂತು. ದುಡ್ಡು ಕೊಟ್ಟ ಗಾಳಿ ಸುಮ್ಮನೆ ಹೋಗಬಾರದಲ್ಲ! ಅರ್ಧ ಪುರಿ ತೆಗೆದು ಆ ಜಾಗಕ್ಕೆ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ತುರುಕಿ, ತಕ್ಕಡಿ ನಿಜಕ್ಕೂ ಏಳು ಕೆ.ಜಿ. ತೋರಿಸಿದ ಮೇಲೆಯೇ ಅವರ ಮುಖ ಅರಳಿದ್ದು. ಆ ವರ್ಷ ಆನೆಗಳು ಇಂಗಿನ ವಾಸನೆ ಹೊಡೆಯುತ್ತಿದ್ದವೆಂದು ಸೊಸೆ ಬಹಳ ನಾಜೂಕಾಗಿ ತಿಳಿಸಿದಳು. ದೊಡ್ಡಮ್ಮನಿಗೆ ಅದು ಇಂಗಿನ ಮೆಚ್ಚುಗೆಯಾಗಿ ಕೇಳಿಸಿತು.

ಈ ಸಲದ ಪೆಟ್ಟಿಗೆ ಹಬ್ಬಕ್ಕೆ ಎರಡು ದಿನ ಮೊದಲೇ ತಲುಪಿತು. ಮಗ ವಿಡಿಯೋದಲ್ಲೇ ಬಿಚ್ಚತೊಡಗಿದ. ಕತ್ತರಿಗೆ ಟೇಪು ಜಗ್ಗಲಿಲ್ಲ. ಚಾಕು ತಂದ. ಮೊದಲ ಪೆಟ್ಟಿಗೆಯೊಳಗೆ ಎರಡನೆಯದು ಕಂಡಾಗ ಗ್ಯಾರೇಜಿಗೆ ಹೋಗಿ ಇನ್ನೇನನ್ನೋ ತಂದ. ಅದು ರಟ್ಟು ಕೊಯ್ಯುವ ಸಾಮಾನಂತೂ ಆಗಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಮೀಟಿದ ರಭಸಕ್ಕೆ ಪುರಿಯೆಲ್ಲ ನೆಲಕ್ಕೆ ಚೆಲ್ಲಿ, 13,000 ಕಿಲೋಮೀಟರ್ ಸುಖವಾಗಿ ಬಂದ ಆರು ಆನೆಗಳಲ್ಲಿ ಐದರ ಸೊಂಡಿಲು ನಮ್ಮ ಕಣ್ಣೆದುರೇ ಉದುರಿತು. ಮೊಮ್ಮಗಳು ಒಂದು ಸೊಂಡಿಲನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ಇತ್ತ ಸ್ವಲ್ಪ ಹೊತ್ತು ಮೌನ. ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮನೇ ಕನ್ನಡಕ ಸರಿಮಾಡಿಕೊಂಡರು.

‘ಕಟ್ಟಿದ್ದರಲ್ಲಿ ತಪ್ಪಿಲ್ಲ. ಅವನಿಗೆ ಬಿಚ್ಚೋಕೆ ಬರಲ್ಲ. ಮುಂದಿನ ವರ್ಷ ಹೇಗೆ ಬಿಚ್ಚಬೇಕು ಅಂತ ಒಂದು ಚೀಟೀಲಿ ಬರೆದು, ಜೋಪಾನವಾಗಿ ಡಬ್ಬಿ ಒಳಗೇ ಇಟ್ಟು ಟೇಪ್ ಹಾಕಿಬಿಡೋಣ ಕಣೋ.’